ಕೀ ಕೇಳದ ಮಕ್ಕಳು

ಹದಿನೆಂಟು ತುಂಬಿದ ಮಗಳ ಬೆನ್ನು ಬಿದ್ದು ‘ಗಾಡಿ ಕಲಿಯೇ ತಾಯಿ’ ಎಂದು ಹೆತ್ತವಳೇ ಗೋಗರೆಯುವ ಕಾಲ ಬರುತ್ತದೆಂದು ನಮ್ಮಪ್ಪನಿಗೆ ಯಾರಾದರೂ ಹೇಳಿದ್ದರೆ, ಬಿಸಿಲಲ್ಲಿ ಬಂದಿದ್ದೀರಿ, ಮೊದಲು ಒಂದು ಲೋಟ ಮಜ್ಜಿಗೆ ಕುಡಿಯಿರಿ ಅನ್ನುತ್ತಿದ್ದರು. ನಮ್ಮ ಕಾಲದಲ್ಲಿ ಕೀ ಅಂದರೆ ಮಕ್ಕಳ ಕೈಗೆ ಸಿಗದ ಹಾಗೆ ಬಚ್ಚಿಡುವ ವಸ್ತು. ಅಪ್ಪ ಅದನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಮೊಳೆಗೆ ಸಿಕ್ಕಿಸಿ, ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದರು. ಈಗ ನಮ್ಮ ಪದ್ಮನಾಭನಗರದ ಮನೆಯಲ್ಲಿ ಸ್ಕೂಟರಿನ ಕೀಯನ್ನು ಬಾಗಿಲ ಪಕ್ಕದಲ್ಲೇ, ಮಗಳ ಕಣ್ಣಿಗೆ ರಾಚುವ ಹಾಗೆ ತೂಗುಹಾಕಿದ್ದೇನೆ. ಅದೇ ಕೊಕ್ಕೆಯಲ್ಲಿ ಅವಳ ಹೆಡ್‌ಫೋನೂ ಇದೆ. ಅವಳು ದಿನಾ ಕೀಯನ್ನು ಪಕ್ಕಕ್ಕೆ ಸರಿಸಿ ಹೆಡ್‌ಫೋನ್ ತೆಗೆದುಕೊಂಡು ಕಾಲೇಜಿಗೆ ಹೋಗುತ್ತಾಳೆ.

ಇದು ನನ್ನೊಬ್ಬಳ ಮನೆಯ ದೂರಲ್ಲ. ಕೆಳಗಿನ ಮನೆಯ ಹುಡುಗನಿಗೆ ಅವರಪ್ಪ ಬೈಕ್ ಕೊಡಿಸುತ್ತೇನೆ ಅಂದರೆ ಅವನು ಲ್ಯಾಪ್‌ಟಾಪ್ ಕೇಳಿದನಂತೆ. ನ್ಯೂಜೆರ್ಸಿಯಲ್ಲಿರುವ ನಮ್ಮಕ್ಕನದೂ ಇದೇ ರಾಗ: ‘ನನ್ ಮಗ ಪರ್ಮಿಟ್ ಟೆಸ್ಟಿಗೇ ಹೋಗಲ್ಲ ಅಂತಾನಲ್ಲೇ!’ ಕಾರಿಲ್ಲದಿದ್ದರೆ ಕೊತ್ತಂಬರಿ ಸೊಪ್ಪೂ ಮನೆಗೆ ಬಾರದ ಆ ದೇಶದಲ್ಲೂ ಹೀಗೇ ಎಂದ ಮೇಲೆ ನನಗೆ ಸ್ವಲ್ಪ ಸಮಾಧಾನವಾಯಿತು. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಇದರ ಲೆಕ್ಕವನ್ನೇ ಹಾಕಿದ್ದಾರೆ. 1983ರಲ್ಲಿ ಅಮೆರಿಕದ 16 ವರ್ಷದ ಮಕ್ಕಳಲ್ಲಿ ಶೇಕಡ 46ರಷ್ಟು ಜನರ ಹತ್ತಿರ ಲೈಸೆನ್ಸ್ ಇತ್ತು, 2014ರ ಹೊತ್ತಿಗೆ ಅದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಕಾರಣ ಹುಡುಕುವವರು ಫೋನನ್ನೋ ದುಡ್ಡನ್ನೋ ತೋರಿಸುತ್ತಾರೆ. ನನಗೆ ಅನ್ನಿಸುವುದೇ ಬೇರೆ. ಅದನ್ನು ಹೇಳಬೇಕಾದರೆ ಹಾಸನಕ್ಕೆ ಹೋಗಬೇಕು.

ಹಾಸನದ ನಮ್ಮ ಮನೆಗೆ ಲೂನಾ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ, ನಾನು ಪಿಯುಸಿ ಓದುವಾಗ. ಅದೂ ಸೆಕೆಂಡ್ ಹ್ಯಾಂಡು. ಪುಣೆಯ ಕೈನೆಟಿಕ್‌ನವರು 1972ರಲ್ಲೇ ಬಿಟ್ಟಿದ್ದ ಗಾಡಿ ನಮ್ಮ ಬೀದಿ ತಲುಪುವಷ್ಟರಲ್ಲಿ ಇಷ್ಟು ಹೊತ್ತಾಗಿತ್ತು. ತಾನು ಸೈಕಲ್ಲೋ ಮೋಟಾರೋ ಎಂದು ಅದಕ್ಕೇ ಗೊತ್ತಿರಲಿಲ್ಲ. ಸ್ಟ್ಯಾಂಡ್ ಹಾಕಿ, ಮೇಲೆ ಕೂತು, ಪೆಡಲ್ ತುಳಿದು ಸ್ಟಾರ್ಟ್ ಮಾಡಬೇಕು. ಮಳೆಗಾಲದ ಬೆಳಿಗ್ಗೆ ಎಷ್ಟು ತುಳಿದರೂ ತುಳಿಸಿಕೊಂಡು ಸುಮ್ಮನಿರುತ್ತಿತ್ತು. ಆಗ ಪ್ಲಗ್ ಬಿಚ್ಚಿ, ಮಸಿ ಹಿಡಿದ ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಉಫ್ ಎಂದು ಊದಿ, ಚೂಡಿದಾರದ ವೇಲಿನಲ್ಲಿ ಒರೆಸಿ ಮತ್ತೆ ತಿರುಪಬೇಕು. ವೇಲಿಗೆ ಹತ್ತಿದ ಕರಿ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಅಮ್ಮ ಬೈಯುತ್ತಿದ್ದುದು ಗಾಡಿ ಓಡಿಸಿದ್ದಕ್ಕಲ್ಲ, ಆ ಕಲೆಗೆ. ಪೆಟ್ರೋಲ್ ಖಾಲಿಯಾದರೆ ಮಾತ್ರ ಲೂನಾಕ್ಕೆ ಸಮನಾದದ್ದು ಇನ್ನೊಂದಿಲ್ಲ. ಮನೆಯವರೆಗೆ ತುಳಿದುಕೊಂಡೇ ಬರಬಹುದಿತ್ತು. ದಾರಿಯುದ್ದಕ್ಕೂ ಜನ ನೋಡುತ್ತಿದ್ದರು ಅನ್ನುವುದು ಬೇರೆ ಮಾತು.

ಅಣ್ಣನಿಗೆ ಲೂನಾ ಅಂದರೆ ಮಾನ ಹೋಗುವ ವಿಷಯ. ಅವನ ಮನಸ್ಸೆಲ್ಲ ಎದುರುಮನೆಯವರ ಯೆಜ್ಡಿಯ ಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ ಬೈಕು ನಮ್ಮ ಕಡೆಯ ಹುಡುಗರಿಗೆ ಊರಿನ ಹೆಮ್ಮೆಯೂ ಹೌದು. ಕಿಕ್ಕರನ್ನೇ ಒಳಗೆ ಒತ್ತಿ ಮಡಿಸಿದರೆ ಅದೇ ಗೇರ್ ಆಗುತ್ತದೆ ಎಂದು ಅಣ್ಣ ಊಟದ ಹೊತ್ತಿನಲ್ಲಿ ಅನ್ನ ಕಲಸುವುದನ್ನು ಬಿಟ್ಟು ಕಾಲಲ್ಲಿ ಮಾಡಿ ತೋರಿಸುತ್ತಿದ್ದ. ಅಪ್ಪ ಕೊಡಿಸಲಿಲ್ಲ. ಅವನು ಸಂಪಾದಿಸಿ ಕೊಳ್ಳುವಷ್ಟರಲ್ಲಿ 1996 ಬಂತು, ಕಾರ್ಖಾನೆಯೇ ಬಾಗಿಲು ಹಾಕಿತು. ಅವನ ತಲೆಮಾರಿನ ಅರ್ಧ ಗಂಡಸರು ಈಗಲೂ ಹಳೆ ಯೆಜ್ಡಿಯ ಶಬ್ದ ಕೇಳಿದರೆ ಹೆಂಡತಿಯ ಮಾತನ್ನು ಅಲ್ಲಿಗೇ ಬಿಟ್ಟು ಬಾಲ್ಕನಿಗೆ ಓಡುತ್ತಾರೆ.

ಅವನು ಮುನಿಸಿಕೊಂಡ ಕಾರಣಕ್ಕೆ ಲೂನಾ ನನ್ನ ಪಾಲಿಗೆ ಬಂತು. ಆದರೆ ‘ತಗೋ ಮಗಳೇ, ಹಾರಾಡು’ ಅಂತ ಯಾರೂ ಕೀ ಕೊಡಲಿಲ್ಲ. ‘ರಾಗಿ ಬೀಸಿಸಿಕೊಂಡು ಬಾ’ ಅಂತ ಕೊಟ್ಟರು. ಅಜ್ಜಿಯ ಕಣ್ಣಿಗೆ ಡ್ರಾಪ್ಸ್ ತರಬೇಕಿತ್ತು, ಬೆಂಗಳೂರಿಂದ ಕೊನೆ ಬಸ್ಸಿಗೆ ಬರುವ ಚಿಕ್ಕಪ್ಪನನ್ನು ಬಸ್‌ಸ್ಟ್ಯಾಂಡಿನಿಂದ ಕರೆತರಬೇಕಿತ್ತು, ಟ್ರಂಕ್ ಕಾಲ್ ಬಂದಿದೆ ಅಂತ ಯಾರದೋ ಮನೆಗೆ ಹೇಳಿ ಬರಬೇಕಿತ್ತು. ಮನೆ ತುಂಬ ಜನ, ಮೈ ತುಂಬ ಕೆಲಸ, ಇದ್ದದ್ದು ಒಂದು ಗಾಡಿ. ಅದನ್ನು ಓಡಿಸಬಲ್ಲವರಿಗೆ ಮನೆಯಲ್ಲಿ ಒಂದು ಸ್ಥಾನ. ಅಲ್ಲಿಯವರೆಗೆ ‘ಏಯ್ ಹುಡುಗಿ’ ಎನ್ನುತ್ತಿದ್ದ ಚಿಕ್ಕಪ್ಪ, ರಾತ್ರಿ ಹತ್ತೂವರೆಗೆ ತಮ್ಮ ಸೂಟ್‌ಕೇಸಿನ ಸಮೇತ ನನ್ನ ಹಿಂದೆ ಕೂತ ದಿನದಿಂದ ಹೆಸರು ಹಿಡಿದು ಕರೆಯತೊಡಗಿದರು.

ರಾಗಿ ಗಿರಣಿಯ ಕೆಲಸ ನನಗೆ ಬಹಳ ಇಷ್ಟ. ಬೀಸಿದ ಹಿಟ್ಟು ಕೈಯಿಡಲಾಗದಷ್ಟು ಬಿಸಿಯಾಗಿ ಬರುತ್ತಿತ್ತು. ಚೀಲವನ್ನು ಗಾಡಿಯ ಮುಂದೆ ಎರಡು ಕಾಲಿನ ನಡುವೆ ಇಟ್ಟುಕೊಂಡರೆ ಹಾಸನದ ಡಿಸೆಂಬರ್ ಚಳಿಯಲ್ಲಿ ಮೊಣಕಾಲವರೆಗೂ ಹಿತವಾದ ಕಾವು. ಮುಖಕ್ಕೆ ಮಂಜು, ಕಾಲಿಗೆ ಹಿಟ್ಟಿನ ಬಿಸಿ. ಅಷ್ಟು ಸುಖವನ್ನು ಸೀದಾ ಮನೆಗೆ ಒಯ್ಯಲು ಮನಸ್ಸಾಗುತ್ತದೆಯೇ? ಸಾಲಗಾಮೆ ರಸ್ತೆಯಲ್ಲಿ ಎಂಜಿನಿಯರಿಂಗ್ ಕಾಲೇಜಿನವರೆಗೆ ಹೋಗಿ, ಅಲ್ಲಿ ಏನೂ ಕೆಲಸವಿಲ್ಲದೆ ತಿರುಗಿಸಿಕೊಂಡು, ಮಹಾರಾಜ ಪಾರ್ಕಿನ ಕಡೆಯಿಂದ ಮನೆಗೆ ಬರುತ್ತಿದ್ದೆ. ‘ಯಾಕೆ ಇಷ್ಟು ಹೊತ್ತು?’ ಅಂದರೆ ‘ಗಿರಣಿಲಿ ರಶ್ಶು’. ನನ್ನ ಯೌವನದ ಸ್ವಾತಂತ್ರ್ಯ ಎಂಬುದೇನಾದರೂ ಇದ್ದರೆ ಅದು ಗಿರಣಿಯವನ ತಲೆಗೆ ಕಟ್ಟಿದ ಈ ಸುಳ್ಳಿನೊಳಗೆ ಇತ್ತು.

ನಾವು ಗಾಡಿ ಕಲಿಯಲು ಸಾಯುತ್ತಿದ್ದುದು ವೇಗಕ್ಕಲ್ಲ (ಲೂನಾದಲ್ಲಿ ವೇಗವೆಲ್ಲಿ ಬಂತು), ಮನೆಗೆ ನಾವು ಬೇಕಾಗುವುದಕ್ಕೆ. ಆ ಬೇಕಾಗುವಿಕೆಯ ನೆಪದಲ್ಲಿ ಹತ್ತು ನಿಮಿಷ ಕದಿಯುವುದಕ್ಕೆ.

ಈಗ ನನ್ನ ಮಗಳನ್ನು ಯಾವ ಕೆಲಸಕ್ಕೆ ಕಳಿಸಲಿ? ರಾಗಿಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಅದೂ ಹತ್ತು ನಿಮಿಷದಲ್ಲಿ, ಅದೂ ಅಡುಗೆಮನೆಯಿಂದ ಕದಲದೆ. ಔಷಧಿ ಹಾಗೇ. ಚಿಕ್ಕಪ್ಪನ ಮಕ್ಕಳು ಬಂದಿಳಿದರೆ ಕ್ಯಾಬ್ ಹಿಡಿದು ಬರುತ್ತಾರೆ, ಬಂದ ಮೇಲೇ ಫೋನ್ ಮಾಡುತ್ತಾರೆ. ಓಡಾಟಕ್ಕೂ ಅವಳಿಗೆ ನನ್ನ ಸ್ಕೂಟರಿನ ಹಂಗಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಆಧಾರ್ ತೋರಿಸಿದರೆ ಬಸ್ಸು ಪುಕ್ಕಟೆ. ‘ಅಮ್ಮ, ಪೆಟ್ರೋಲ್ ಲೀಟರಿಗೆ ನೂರು ದಾಟಿದೆ. ನಂಗೆ ಶೂನ್ಯ ಟಿಕೆಟ್. ಯಾವುದು ಜಾಣತನ ಹೇಳು’ ಎಂದು ಕಾಮರ್ಸ್ ಓದುವ ಅವಳು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಬಸ್ಸು ತಡವಾದರೆ ಮೆಟ್ರೊ. ಮೆಟ್ರೊ ವಿಷಯ ಬಂದಾಗ ನನಗೆ ಶಂಕರ್‌ನಾಗ್ ನೆನಪಾಗುತ್ತಾರೆ. ‘ಆಟೋ ರಾಜ’ ನೋಡಿ ಬಂದ ಮೇಲೆ ಅಣ್ಣ ಕೋಣೆಯಲ್ಲಿ ಅವರ ಫೋಟೋ ಅಂಟಿಸಿದ್ದ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತವಾಗಿ ಅವರು ಹೋದರು ಎಂಬ ಸುದ್ದಿ ಬಂದ ದಿನ ಅಮ್ಮ ಒಂದು ಮಾತೂ ಆಡದೆ ಕ್ಯಾಲೆಂಡರಿನ ಹಿಂದಿನ ಕೀ ತೆಗೆದು ಅಕ್ಕಿ ಡಬ್ಬಿಯೊಳಗೆ ಹಾಕಿದಳು. ಬೆಂಗಳೂರಿಗೆ ಮೆಟ್ರೊ ಬರಬೇಕೆಂದು ಅವರು ಆಗಲೇ ಕನಸು ಕಂಡಿದ್ದರಂತೆ. ಅದು ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ನನ್ನ ಮಗಳು ಅದರ ಕಂಬಿ ಹಿಡಿದು ನಿಂತು ರೀಲ್ಸ್ ನೋಡುತ್ತಾಳೆ. ನೋಡಲಿ ಬಿಡಿ, ಕೂರಲು ಜಾಗ ಸಿಕ್ಕರಲ್ಲವೇ ಕಿಟಕಿಯ ಆಚೆ ನೋಡುವುದು.

ರಸ್ತೆಯ ಸಂಗತಿ ಹೇಳುವುದೇ ಬೇಡ. ಟಾಮ್‌ಟಾಮ್ ಕಂಪನಿಯವರು 2022ರಲ್ಲಿ ಅಳೆದಾಗ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಆ ವರ್ಷ ನಿಧಾನದಲ್ಲಿ ಲಂಡನ್ ಬಿಟ್ಟರೆ ನಾವೇ. ನನ್ನ ಲೂನಾ ಅದಕ್ಕಿಂತ ಬೇಗ ಹೋಗುತ್ತಿತ್ತು, ಪೆಟ್ರೋಲ್ ಇದ್ದ ದಿನ.

ಹಾಗೆಂದು ತಪ್ಪೆಲ್ಲ ರಸ್ತೆಯದೂ ಅಲ್ಲ. ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ತಂದು, ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ತುಳಿದು, ಮೊಣಕೈ ತರಚಿಕೊಂಡು ಕಲಿತವರು ನಾವು. ನಮ್ಮ ಮಕ್ಕಳ ಸೈಕಲ್ಲು ಅಪಾರ್ಟ್‌ಮೆಂಟಿನ ಗೇಟು ದಾಟಲು ನಾವು ಬಿಡಲಿಲ್ಲ. ಸ್ಕೂಲಿಗೆ ವ್ಯಾನು, ಟ್ಯೂಷನ್ನಿಗೆ ನಾನು, ಡಾನ್ಸ್ ಕ್ಲಾಸಿಗೆ ಅವರಪ್ಪ. ಹದಿನೈದು ವರ್ಷ ಹಿಂದಿನ ಸೀಟಿನಲ್ಲಿ ಕೂರಿಸಿ, ಹದಿನೆಂಟರ ಹುಟ್ಟುಹಬ್ಬದ ಮರುದಿನ ‘ಮುಂದೆ ಬಾ’ ಅಂದರೆ ಯಾರು ಬರುತ್ತಾರೆ? ಕಾನೂನೂ ಈಗ ಬಿಗಿಯಾಗಿದೆ. 2019ರ ತಿದ್ದುಪಡಿಯ ಪ್ರಕಾರ ವಯಸ್ಸಿಗೆ ಬಾರದ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಅಪ್ಪ ಅಮ್ಮನಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಮಗುವಿಗೆ 25 ತುಂಬುವವರೆಗೆ ಲೈಸೆನ್ಸೂ ಇಲ್ಲ. ಆಗಬೇಕಾದ್ದೇ. ನಮ್ಮ ಬೀದಿಯಲ್ಲಿ ಕೈಕಾಲು ಮುರಿದುಕೊಂಡ ಹುಡುಗರ ಲೆಕ್ಕ ಹಾಕಿದರೆ ನೆನಪುಗಳು ಅಷ್ಟೇನೂ ಸಿಹಿಯಾಗಿ ಉಳಿಯುವುದಿಲ್ಲ. ತಮಾಷೆಯೆಂದರೆ, 50 ಸಿಸಿ ಮೀರದ ಗಾಡಿಗೆ ಹದಿನಾರು ವರ್ಷ ಸಾಕೆಂದು 1988ರ ಕಾಯ್ದೆ ಈಗಲೂ ಹೇಳುತ್ತದೆ. ಹುಡುಕಿದರೂ ಅಂಥ ಗಾಡಿ ಶೋರೂಮಿನಲ್ಲಿ ಸಿಗುವುದು ಕಷ್ಟ.

ಕೊನೆಗೆ ನನ್ನ ಕಾಟ ತಾಳದೆ ಮಗಳು ಎಲ್‌ಎಲ್ ಮಾಡಿಸಿದಳು. ಒಂದು ಭಾನುವಾರ ಬೆಳಿಗ್ಗೆ ಖಾಲಿ ಅಡ್ಡರಸ್ತೆಯಲ್ಲಿ ಸ್ಕೂಟರ್ ಕೊಟ್ಟು, ಬಿದ್ದರೆ ಹಿಡಿಯೋಣವೆಂದು ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಲು ನಿಂತೆ. ಓಡುವ ಪ್ರಮೇಯವೇ ಬರಲಿಲ್ಲ. ಬಟನ್ ಒತ್ತಿದಳು, ಹೋದಳು, ಇಂಡಿಕೇಟರ್ ಹಾಕಿ ತಿರುಗಿಸಿಕೊಂಡು ಬಂದಳು. ಪ್ಲಗ್ಗಿಲ್ಲ, ಚೋಕ್ ಇಲ್ಲ, ಬೆವರಿಲ್ಲ.

‘ಬಂತಮ್ಮ. ಈಗ ಎಲ್ಲಿಗೆ ಹೋಗ್ಲಿ?’

ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ‘ಕರಿಬೇವು ತಗೊಂಡು ಬಾ’ ಅಂದೆ. ಅವಳು ಸ್ಕೂಟರಿನ ಮೇಲೆ ಕೂತಲ್ಲೇ ಫೋನ್ ತೆಗೆದಳು. ನಾವು ಮನೆಗೆ ಬರುವ ಮೊದಲೇ ಕರಿಬೇವು ಬಾಗಿಲಲ್ಲಿತ್ತು.

ಕೋನುಗಳ ಮಧ್ಯೆ ಎಂಟು ಹಾಕಿ ಡಿಎಲ್ ಕೂಡ ತೆಗೆದುಕೊಂಡಳು, ‘ಎಲ್ಲಾದ್ರೂ ಐಡಿ ಪ್ರೂಫಿಗೆ ಆಗತ್ತೆ’ ಎಂದು. ಅದು ಡಿಜಿಲಾಕರಿನಲ್ಲಿ ಹಾಯಾಗಿ ನಿದ್ದೆ ಮಾಡುತ್ತಿತ್ತು. ಎಬ್ಬಿಸಿದ್ದು ನಮ್ಮಮ್ಮ.

ಎಂಬತ್ತು ದಾಟಿದ ಅಮ್ಮ ಈಗ ನಮ್ಮ ಜೊತೆಗೇ ಇದ್ದಾಳೆ. ಅವಳಿಗೆ ಕ್ಯಾಬ್ ಆಗದು. ‘ಗುಟ್ಟಿನ ನಂಬರು ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ಬಡ್ಕೋತಾರೆ. ಈ ಡ್ರೈವರ್ ಹತ್ತೋ ಮೊದಲೇ ಓಟಿಪಿ ಹೇಳಿ ಅಂತಾನೆ. ನಾನ್ಯಾಕೆ ಹೇಳಲಿ?’ ಎಂಬುದು ಅವಳ ವಾದ. ಮೊನ್ನೆ ಶುಕ್ರವಾರ ಕಾಲೇಜಿಗೆ ರಜೆ ಇತ್ತು. ರಾಹುಕಾಲದಲ್ಲಿ ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಬೇಕು, ಮೊಮ್ಮಗಳೇ ಕರೆದುಕೊಂಡು ಹೋಗಬೇಕು ಎಂದು ಹಟ ಹಿಡಿದಳು. ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲವೆಂದು ತುರುಬನ್ನೇ ಬಿಚ್ಚಿ ಜಡೆ ಹೆಣೆಸಿಕೊಂಡಳು. ಒಂದೇ ಕಡೆ ಕಾಲು ಹಾಕಿ ಕೂತು, ಮೊಮ್ಮಗಳ ಸೊಂಟ ತಬ್ಬಿ ‘ಬಿಡೇ ಗಾಡಿ’ ಅಂದಳು.

‘ಲೈವ್ ಲೊಕೇಶನ್ ಕಳಿಸಿರು’ ಅಂತ ನಾನು ಕೂಗಿದೆ. ನಮ್ಮಪ್ಪನಿಗೆ ಈ ಸೌಲಭ್ಯ ಇರಲಿಲ್ಲ. ಇದ್ದಿದ್ದರೆ ಸಾಲಗಾಮೆ ರಸ್ತೆ ನನ್ನ ಪಾಲಿಗೆ ಹುಟ್ಟುತ್ತಲೇ ಇರಲಿಲ್ಲ ಎಂಬುದು ಫೋನ್ ಹಿಡಿದು ಕೂತ ಮೇಲೆ ಹೊಳೆಯಿತು. ಇವತ್ತಿನ ಮಕ್ಕಳು ಗಾಡಿಯಲ್ಲಿ ಹೋದರೂ ಬಸ್ಸಿನಲ್ಲಿ ಹೋದರೂ ಅಮ್ಮನ ಅಂಗೈಯಲ್ಲೇ ಹೋಗುತ್ತಾರೆ. ಕದಿಯಲು ಹತ್ತು ನಿಮಿಷವಿಲ್ಲದ ಮೇಲೆ ಕೀ ಯಾಕೆ ಬೇಕು?

ನೀಲಿ ಚುಕ್ಕೆ ದೇವಸ್ಥಾನದ ಹತ್ತಿರ ನಿಂತಿತು. ಮುಕ್ಕಾಲು ಗಂಟೆಯ ನಂತರ ಹೊರಟಿತು. ಮನೆಯ ಕಡೆ ತಿರುಗಬೇಕಾದಲ್ಲಿ ತಿರುಗದೆ ಜಯನಗರ ನಾಲ್ಕನೇ ಬ್ಲಾಕಿನ ಕಡೆ ಹೋಯಿತು. ಅಲ್ಲಿ ಒಂದು ಜಾಗದಲ್ಲಿ ನಿಂತೇಬಿಟ್ಟಿತು. ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರೆ ಐಸ್‌ಕ್ರೀಂ ಅಂಗಡಿ. ಅಮ್ಮನ ಶುಗರ್ ಎಷ್ಟಿದೆ ಎಂದು ಗೊತ್ತಿರುವ ನಾನು ತಕ್ಷಣ ಮಗಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅಮ್ಮನಿಗೆ ಮಾಡಿದೆ. ಅವಳು ಎರಡು ರಿಂಗಿಗೇ ಕಟ್ ಮಾಡಿದಳು. ಮತ್ತೆ ಮ್ಯಾಪ್ ತೆಗೆದು ನೋಡುವಷ್ಟರಲ್ಲಿ ಮಗಳು ಲೊಕೇಶನ್ ಕಳಿಸುವುದನ್ನು ನಿಲ್ಲಿಸಿದ್ದಳು.