ಥಂಬ್ ತಗೊಳ್ತಿಲ್ಲ

ಜೂನ್ 15, 2024, ಶನಿವಾರ. ಅಜ್ಜಂಪುರ

ಮಧ್ಯಾಹ್ನ ಇಂಗ್ಲೆಂಡಿನ ರೆಡಿಂಗಿನಿಂದ ಮಗಳ ಫೋನು. "ಅಪ್ಪಾಜಿ, ನಿಮ್ಮ ಬೇಟ್ಸ್ ಈಗ ಸರ್ ಅಲನ್ ಬೇಟ್ಸ್." ನನ್ನ ಬೇಟ್ಸ್ ಅಂತೆ! ಜನವರಿಯಲ್ಲಿ ಟಿವಿ ಧಾರಾವಾಹಿ ನೋಡಿ, ಅಲ್ಲಿನ ಪೋಸ್ಟ್‌ಮಾಸ್ಟರುಗಳ ಪರ ಹೋರಾಡಿದ ಈ ಬೇಟ್ಸ್ ಕತೆ ಹೇಳಿದವಳು ಅವಳು. ಆಮೇಲೆ ಬಿಡದೆ ಹುಡುಕಿ ಓದಿದವನು ನಾನು. ಅಂಚೆ ಇಲಾಖೆಯಲ್ಲಿ ತಲೆ ನರೆಸಿಕೊಂಡವನಿಗೆ ಅದು ಬೇರೆಯವರ ಕತೆ ಅನ್ನಿಸೋದಿಲ್ಲ.

ಅಲ್ಲಿನ ಅಂಚೆ ಕಚೇರಿಗಳಲ್ಲಿ ಹೊರೈಜನ್ ಅನ್ನೋ ಕಂಪ್ಯೂಟರ್ ವ್ಯವಸ್ಥೆ, 1999ರಿಂದ. ಇಲ್ಲದ ಕೊರತೆ ತೋರಿಸ್ತಿತ್ತು. ಪೋಸ್ಟ್‌ಮಾಸ್ಟರುಗಳು ಸಾಲ ಮಾಡಿ ತುಂಬಿದರು, ಜೈಲಿಗೂ ಹೋದರು. 900ಕ್ಕೂ ಹೆಚ್ಚು ಜನ ಅಪರಾಧಿಗಳಾದರು. ಹೆಚ್ಚಿನ ಮೊಕದ್ದಮೆ ಹೂಡಿದ್ದು ಪೊಲೀಸರಲ್ಲ, ಅಂಚೆ ಸಂಸ್ಥೆಯೇ. ಸೀಮಾ ಮಿಶ್ರಾ, 2010, ಬಸುರಿ. ಮಗನ ಹತ್ತನೇ ಹುಟ್ಟುಹಬ್ಬದ ದಿನ ಜೈಲು. ಶಿಕ್ಷೆ ರದ್ದಾಗಿದ್ದು 2021ರಲ್ಲಿ. ಉಳಿದವರ ಕಳಂಕ ಒಟ್ಟಿಗೆ ತೊಳೆಯೋಕೆ ಪಾರ್ಲಿಮೆಂಟೇ ಕಾನೂನು ಮಾಡಬೇಕಾಯ್ತು, ಹೋದ ತಿಂಗಳು 24ಕ್ಕೆ.

ಎಂಟಾಣೆ ವ್ಯತ್ಯಾಸಕ್ಕೆ ರಾತ್ರಿಯವರೆಗೂ ಕೂತು ಕೂಡಿದ ದಿನಗಳಿವೆ. ಆದರೆ ಕೂಡೋಕೆ ನನ್ನ ಮುಂದೆ ಪುಸ್ತಕ ಇತ್ತು. ಅವರ ಮುಂದೆ ಪರದೆ ಮಾತ್ರ.

ಇವತ್ತಿನದೇ ತಾರೀಖು: 1215, ಜೂನ್ 15, ರಾಜನನ್ನೂ ಕಾನೂನಿಗೆ ಕಟ್ಟಿದ ಮ್ಯಾಗ್ನಾ ಕಾರ್ಟಾ. ಹೈಸ್ಕೂಲ್ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದು. ಬ್ರಿಟಿಷರನ್ನ ಓಡಿಸಿದ್ದು ಮುಂದಿನ ಪಾಠದಲ್ಲಿತ್ತು. ಅವರ ಕೋರ್ಟಿನ ಮೇಲಿನ ನಂಬಿಕೆ ಮಾತ್ರ ನನ್ನಲ್ಲಿ ಉಳಿದುಕೊಂಡುಬಿಟ್ಟಿತ್ತು.

ಜೂನ್ 20, ಗುರುವಾರ

ಹಿಂದಿನ ಬೀದಿಯ ಅಜ್ಜಿ ಅಳುತ್ತಾ ಬಂದಳು. ಪಡಿತರ ಅಂಗಡಿಯಲ್ಲಿ ಥಂಬ್ ತಗೊಳ್ತಿಲ್ಲ. ಹೋದ ತಿಂಗಳೂ ಹೀಗೇ. ಜೊತೆಗೆ ಹೋದೆ. ಅಡಿಕೆ ಸುಲಿದು ಸುಲಿದು ಬೆರಳ ಗೆರೆಗಳೇ ಸವೆದಿವೆ. ಒರೆಸಿ, ಒತ್ತಿ, ಮತ್ತೆ ಒತ್ತಿ. ಇಲ್ಲ.

ಅಂಗಡಿಯವನ ಮೇಲೆ ರೇಗಿದೆ. ಅವನು ಹೇಳಿದ: "ಬಿಲ್ ಬರದೆ ಅಕ್ಕಿ ಕೊಟ್ರೆ ನನ್ನ ಸ್ಟಾಕಿನಲ್ಲಿ ಕೊರತೆ ಬರುತ್ತೆ ಸಾರ್. ನಾನು ಕಟ್ಟಬೇಕು." ಕೊರತೆ! ಇವನೂ ಒಬ್ಬ ಪೋಸ್ಟ್‌ಮಾಸ್ಟರೇ. ಸುಮ್ಮನಾದೆ.

ಬೆರಳು ಕೂಡಲಿಲ್ಲ ಅಂತ ಪಡಿತರ ತಪ್ಪಿಸಬಾರದು ಅಂತ ಕೇಂದ್ರದ ಸೂಚನೆ 2017ರಿಂದಲೇ ಇದೆ. ಅಜ್ಜಿಗೆ ಸೂಚನೆ ಯಾಕೆ, ಅಕ್ಕಿ ಬೇಕು.

ಸಂಜೆ ಆರ್‌ಟಿಐ ಅರ್ಜಿ ಬರೆದೆ. ಈ ತಾಲ್ಲೂಕಿನಲ್ಲಿ ಬೆರಳು ಕೂಡದೆ ಎಷ್ಟು ಜನ ವಾಪಸ್ ಹೋದರು? ನಮ್ಮ ರಾಜ್ಯದ ನಿಯಮ ಬೇರೆ: ಒಂದೇ ವಿಷಯ, 150 ಪದ ಮೀರಬಾರದು. ಸಿಟ್ಟನ್ನೆಲ್ಲ ಹೊಡೆದುಹಾಕಿ ಮತ್ತೆ ಬರೆದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಜೀವಮಾನವೆಲ್ಲ ಮಾರಿದ್ದು, ಈಗ ಕ್ಯೂ ನಿಂತು ಕೊಂಡೆ.

ಜೂನ್ 26, ಬುಧವಾರ. ಕಡೂರು, ತಂಗಿ ಮನೆ

ಟಿವಿಯಲ್ಲಿ, ಮತ್ತೆ ಆಯ್ಕೆಯಾದ ಲೋಕಸಭಾ ಸ್ಪೀಕರ್ ತುರ್ತು ಪರಿಸ್ಥಿತಿಯನ್ನ ಖಂಡಿಸಿ ಓದಿದರು. ಗಲಾಟೆ. ಭಾವ ಚಾನೆಲ್ ಬದಲಿಸಿದರು. ಅಲ್ಲಿ ವಿಕಿಲೀಕ್ಸ್‌ನ ಅಸಾಂಜ್, ವಿಮಾನದಿಂದ ಇಳಿಯುತ್ತಾ. ಲಂಡನ್ನಿನ ಬೆಲ್‌ಮಾರ್ಷ್ ಜೈಲಿನಲ್ಲಿ ಐದು ವರ್ಷ ಇಟ್ಟಿದ್ದರು. ಸುದ್ದಿ ಪ್ರಕಟಿಸಿದ್ದಕ್ಕೆ ಅಂತ ನಾನು. ಕದ್ದ ಕಾಗದ ಪ್ರಕಟಿಸಿದ್ದಕ್ಕೆ ಅಂತ ಭಾವ. ವಾದ ಬೆಳೆಯಿತು. "ಅಣ್ಣ, ಊಟಕ್ಕೆ ಏಳು" ಅಂದಳು ತಂಗಿ.

ಊಟ ಮಾಡುತ್ತಾ 1978ರ ಉಪಚುನಾವಣೆಯ ಮಾತು. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರಿಗೆ ಇಂದಿರಾ ಬಂದಿದ್ದು, ಎದುರಿಗೆ ವೀರೇಂದ್ರ ಪಾಟೀಲರು. ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷವೂ ಆಗಿರಲಿಲ್ಲ, ನಮ್ಮ ಜಿಲ್ಲೆ ಗೆಲ್ಲಿಸಿ ಕಳಿಸಿತು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನ ಹೊರಗೆ ಹಾಕಿತು. ನನಗೆ ಆಗ 22, ಹೊಸ ಮತದಾರ. ಯಾರಿಗೆ ಹಾಕಿದೆ ಅಂತ ಹೆಂಡತಿಗೂ ಹೇಳಿಲ್ಲ. ಇಲ್ಲೂ ಬರೆಯೋದಿಲ್ಲ.

ಈಗ ತಂಗಿಯ ಓಟು ಹಾಸನಕ್ಕೆ, ನಮ್ಮದು ಉಡುಪಿ-ಚಿಕ್ಕಮಗಳೂರಿಗೆ. ನಡುವೆ ಬೀರೂರು ಅಷ್ಟೇ.

ಜುಲೈ 1, ಸೋಮವಾರ. ತರೀಕೆರೆ

ಇವತ್ತಿಂದ ಹೊಸ ಕಾನೂನು. 1860ರ ದಂಡ ಸಂಹಿತೆ ಹೋಯಿತು. ಸೋದರಳಿಯ ವಕೀಲ, ಕೋರ್ಟಿನ ಹತ್ತಿರ ಸಿಕ್ಕಿದ. ಕೈಯಲ್ಲಿ ಹಳೇ ಸೆಕ್ಷನ್ನು, ಹೊಸ ಸೆಕ್ಷನ್ನು ಎದುರುಬದುರು ಇರೋ ಚಾರ್ಟು. ನಿಷೇಧಾಜ್ಞೆಯ 144 ಈಗ 163. ರಾಜದ್ರೋಹದ 124ಎ ಇಲ್ಲ. "ಇಲ್ಲ ಅಂದ್ಕೋಬೇಡಿ ಮಾವ, 152 ಓದಿ." ಓದಿದೆ. ಹೆಸರು ಬಿಟ್ಟರೆ ಹೋಗಿದ್ದೇನು ಅಂತ ತಿಳಿಯಲಿಲ್ಲ.

ಅವನೇ ಇನ್ನೊಂದು ಹೇಳಿದ. ಕಂಪ್ಯೂಟರ್ ದಾಖಲೆಗೆ ನಮ್ಮಲ್ಲಿ ಪ್ರಮಾಣಪತ್ರ ಬೇಕು, ಹಳೇ 65ಬಿ, ಈಗ 63. ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ಸರಿಯಾಗಿತ್ತು ಅಂತ ತೋರಿಸಬೇಕಿದ್ದ ನಿಯಮವನ್ನೇ 1999ರ ಕಾನೂನು ತೆಗೆದುಹಾಕಿತಂತೆ. ಅಂದರೆ ಯಂತ್ರ ಸರಿ, ತಪ್ಪು ಅನ್ನೋನು ಸಾಬೀತು ಮಾಡಲಿ. ಹೊರೈಜನ್ ಬಂದ ವರ್ಷವೇ! ಬಸ್ಸಿನಲ್ಲಿ ಪೂರ್ತಿ ಇದೇ ಯೋಚನೆ.

ಜುಲೈ 4, ರಾತ್ರಿ

ಮಗಳು ಓಟು ಹಾಕಿ ಬಂದಳು. ಅಲ್ಲಿ! ಕಾಮನ್‌ವೆಲ್ತ್ ದೇಶದವರು ಅಲ್ಲಿ ನೆಲೆಸಿದ್ದರೆ ಪಾರ್ಲಿಮೆಂಟಿಗೂ ಓಟು. ಗುರುತಿಗೆ ನಮ್ಮ ಪಾಸ್‌ಪೋರ್ಟನ್ನೇ ತೋರಿಸಿದಳಂತೆ. ಏಪ್ರಿಲ್ 26ಕ್ಕೆ ಇಲ್ಲಿ ಹಾಕಬೇಕಿದ್ದರೆ ವಿಮಾನ ಹತ್ತಿ ಬರಬೇಕಿತ್ತು.

ಗುರುತಿನ ಚೀಟಿ ಅಲ್ಲಿ ಹೊಸ ನಿಯಮ. ಮುದುಕರ ಬಸ್ ಪಾಸ್ ನಡೆಯುತ್ತೆ, ಹುಡುಗರ ರೈಲ್ವೆ ಕಾರ್ಡ್ ನಡೆಯೋದಿಲ್ಲ ಅಂತ ರೇಗಿದಳು. ನಗು ಬಂತು. ನಮ್ಮ ಕಾರ್ಡುಗಳ ಕಟ್ಟು ನೋಡಿಲ್ಲವೇನೋ ಅವಳು.

ಜುಲೈ 6

ಅಲ್ಲಿ ಲೇಬರ್ ಪಕ್ಷಕ್ಕೆ 400 ದಾಟಿ ಸೀಟು. ಓಟು ಮೂರರಲ್ಲೊಂದು ಪಾಲು. ಮೂರನೇ ಎರಡು ಪಾಲು ಜನ ಬೇಡ ಅಂದ ಸರ್ಕಾರಕ್ಕೆ ಇಷ್ಟು ಬಹುಮತ. ನಮಗೆ ಈ ಲೆಕ್ಕ ಕಲಿಸಿದವರೇ ಅವರು. ಮಗಳಿಗೆ ಖುಷಿ. ಹೇಳಲಿಲ್ಲ.

ಮಳೆ. ಈರುಳ್ಳಿ ಬಿತ್ತಿದವರು ಮುಗಿಲು ನೋಡ್ತಿದ್ದಾರೆ.

ಜುಲೈ 13

ತುರ್ತು ಪರಿಸ್ಥಿತಿ ಹೇರಿದ ಜೂನ್ 25 ಇನ್ನು ಮುಂದೆ 'ಸಂವಿಧಾನ ಹತ್ಯಾ ದಿವಸ್'. ನಿನ್ನೆ ಅಧಿಸೂಚನೆ. ಅಂದಿನದನ್ನ ನೆನೆಯಲಿ, ತಪ್ಪಿಲ್ಲ. ಇಂದಿನದಕ್ಕೆ ತಾರೀಖು ಯಾರು ಕೊಡ್ತಾರೆ? ಸಾಕು, ಬಿ.ಪಿ. ಮಾತ್ರೆ ತಗೊಂಡಿಲ್ಲ.

ಜುಲೈ 19, ಶುಕ್ರವಾರ

ಗಡುವಿಗೆ ಸ್ವಲ್ಪ ಮುಂಚೆ ಆರ್‌ಟಿಐ ಉತ್ತರ. ಕೋರಿದ ಮಾಹಿತಿಯನ್ನು ಕಚೇರಿಯಲ್ಲಿ ನಿರ್ವಹಿಸಿಲ್ಲವಂತೆ. ಬೆರಳು ಕೂಡಿದವರ ಲೆಕ್ಕ ಇದೆ, ಎಷ್ಟು ಕೆಜಿ ಅಂತಲೂ ಇದೆ. ಕೂಡದೆ ಹಿಂದಿರುಗಿದವರು ಅಂಗಡಿಗೆ ಬಂದೇ ಇಲ್ಲ.

ಈ ಬೆರಳು ಹೋಲಿಸೋದು ಆಧಾರ್ ಜೊತೆ. ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತಾಯ್ತು. 2018ರಲ್ಲಿ ಪಡಿತರಕ್ಕೆ ಆಧಾರ್ ಇರಲಿ ಅಂತಲೂ ಆಯ್ತು. ಎರಡೂ ಸರಿಯೋ, ಒಂದೋ. ನನಗೆ ಗೊತ್ತಾಗೋದಿಲ್ಲ.

ಮಗಳ ಮೆಸೇಜು: ಲಂಡನ್ ಸುತ್ತಿನ ಹೆದ್ದಾರಿ ತಡೆಯೋಣ ಅಂತ ಜೂಮ್‌ನಲ್ಲಿ ಮಾತಾಡಿಕೊಂಡ ಐದು ಜನಕ್ಕೆ ನಿನ್ನೆ ಜೈಲು. ಒಬ್ಬನಿಗೆ ಐದು ವರ್ಷ, ಉಳಿದವರಿಗೆ ನಾಲ್ಕು. ಇಲ್ಲಿ ರಸ್ತೆ ತಡೆ ಮಾಡಿದ ರೈತರನ್ನ ವ್ಯಾನಿಗೆ ಹತ್ತಿಸಿ ಸಂಜೆ ಬಿಡ್ತಾರೆ, ಹೆಚ್ಚಿನ ಸಲ. 'ಹೆಚ್ಚಿನ ಸಲ' ಅಂತ ಬರೆದಾದ ಮೇಲೆ ಕೈ ನಿಂತಿತು.

ರಾತ್ರಿ 8

ಅಜ್ಜಿ ಬಂದಿದ್ದಳು. ಈ ತಿಂಗಳು ಎಡಗೈಯ ಉಂಗುರದ ಬೆರಳು ಹಿಡಿಯಿತಂತೆ. ಮೇಲ್ಮನವಿ ಹಾಕ್ತೀನಿ ಅಂದೆ. ಹೆದರಿದಳು. "ಅಕ್ಕಿ ಸಿಕ್ತಲ್ಲ ಪೋಸ್ಟ್ ಮಾಸ್ಟ್ರೇ. ಅರ್ಜಿ ಗಿರ್ಜಿ ಅಂತ ಹೋಗಿ ನನ್ನ ಹೆಸರು ಕಿತ್ತಾಕಿದ್ರೆ?"

ಅರ್ಜಿಯಲ್ಲಿ ಅವಳ ಹೆಸರೇ ಇಲ್ಲ. ಕಾರಣ ಹೇಳಬೇಕಿಲ್ಲ ಅಂತ ಕಾನೂನಿದೆ, ಸೆಕ್ಷನ್ 6. ಆದರೂ ಕೇಳ್ತಾರೆ, ಯಾರಿಗೋಸ್ಕರ ಅಂತ. ಊರು ಸಣ್ಣದು, ಗೊತ್ತಾಗುತ್ತೆ. ಮೇಲ್ಮನವಿಗೆ 30 ದಿನ ಇದೆ. ಸೋಮವಾರ ತರೀಕೆರೆಗೆ ಹೋಗಿ ಸೋದರಳಿಯನನ್ನ ಕೇಳಬೇಕು. ಇಲ್ಲ, ಮೊದಲು ಅಜ್ಜಿಯನ್ನೇ ಇನ್ನೊಂದು ಸಲ ಕೇಳಬೇಕು.