ಹರೇಶನ ಎರಡು ಬಣ್ಣದ ಬೂಟು

ಟೀವಿಯಲ್ಲಿ ಹೆಣ್ಣು ನೋಡುವ ದೃಶ್ಯ ಬಂದರೆ ಸಾಕು, ನಮ್ಮ ಕಡೆಯ ಹೆಂಗಸರು ಪ್ರೇಕ್ಷಕರಾಗಿ ಉಳಿಯುವುದಿಲ್ಲ, ಹೆಣ್ಣಿನ ಕಡೆಯವರಾಗಿಬಿಡುತ್ತಾರೆ. ಹುಡುಗನ ಸಂಬಳ ಎಷ್ಟು, ಮದುವೆಗೆ ನಿಂತ ತಂಗಿಯರೆಷ್ಟು, ತಾಯಿ ಜೋರೋ ಸಾಧುವೋ ಎಂದು ವಿಚಾರಣೆ ಶುರುವಾಗುತ್ತದೆ. ಕಥೆ ಎಲ್ಲಿಯದು, ಯಾವ ಕಾಲದ್ದು ಎಂಬುದೆಲ್ಲ ಆಮೇಲಿನ ಮಾತು.

2020ರ ಅಕ್ಟೋಬರ್ ಕೊನೆಯಲ್ಲಿ ನೆಟ್‌ಫ್ಲಿಕ್ಸಿಗೆ ‘ಎ ಸೂಟಬಲ್ ಬಾಯ್’ ಬಂತು. ಹೊರಗೆ ಕೊರೊನಾ, ಒಳಗೆ ಅಮ್ಮ, ಅಪ್ಪನ ಅಕ್ಕ ಸೀತತ್ತೆ, ಮನೆಯಿಂದಲೇ ಆಫೀಸು ಮಾಡುತ್ತಿದ್ದ ಅಕ್ಕನ ಮಗಳು ಮತ್ತು ನಾನು. ರಿಮೋಟು ಮಗಳ ಕೈಲಿ, ತೀರ್ಪು ಅತ್ತೆಯ ಕೈಲಿ. ಇಂಗ್ಲೆಂಡಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಜುಲೈನಿಂದಲೇ ಬಿಬಿಸಿಯಲ್ಲಿ ವಾರಕ್ಕೊಂದು ಕಂತು ನೋಡಿ ಮುಗಿಸಿ, ಫೋನಿನಲ್ಲಿ ತನ್ನ ಅಭಿಪ್ರಾಯವನ್ನು ಮುಂಗಡವಾಗಿ ಕಳಿಸಿಕೊಟ್ಟಿದ್ದಳು: “ಬಟ್ಟೆಬರೆ ಚೆನ್ನಾಗಿದೆ, ಮನೆಗಳು ಚೆನ್ನಾಗಿವೆ. ಕಥೆ ಮಾತ್ರ ರೈಲು ಹಿಡಿಯೋರ ಥರ ಓಡುತ್ತೆ ಕಣೇ.”

ಓಡದೆ ಏನು ಮಾಡೀತು? ವಿಕ್ರಮ್ ಸೇಠ್ ಅವರ ಕಾದಂಬರಿ 1993ರಲ್ಲಿ ಬಂದಾಗ ಸಾವಿರದ ಮುನ್ನೂರು ಪುಟ ದಾಟಿತ್ತು. ಅದನ್ನು ಆರು ಕಂತಿಗೆ ಇಳಿಸಿದವರು ಆಂಡ್ರ್ಯೂ ಡೇವೀಸ್, 1995ರಲ್ಲಿ ಇದೇ ಬಿಬಿಸಿಗೆ ‘ಪ್ರೈಡ್ ಅಂಡ್ ಪ್ರಿಜುಡೀಸ್’ ಬರೆದುಕೊಟ್ಟವರು. ಹೆಣ್ಣುಮಕ್ಕಳ ಮದುವೆಯ ಚಿಂತೆಯಲ್ಲಿ ಕರಗುವ ತಾಯಂದಿರು ಅವರಿಗೆ ಹೊಸಬರೇನಲ್ಲ. ನಿರ್ದೇಶಕಿ ಮೀರಾ ನಾಯರ್, ‘ಮಾನ್ಸೂನ್ ವೆಡ್ಡಿಂಗ್’ ಮಾಡಿದವರು. ಬ್ರಹ್ಮಪುರವೆಂಬ, ಭೂಪಟದಲ್ಲಿ ಹುಡುಕಿದರೆ ಸಿಗದ ಗಂಗಾ ದಂಡೆಯ ಊರು. ವರ್ಷ 1951. ಜಮೀನ್ದಾರಿ ಹೋಗುತ್ತಿದೆ, ಮೊದಲ ಮಹಾಚುನಾವಣೆ ಬರುತ್ತಿದೆ. ಇವೆಲ್ಲದರ ನಡುವೆ ರೂಪಾ ಮೆಹ್ರಾ ಎಂಬ ವಿಧವೆ ತಾಯಿ, ದೊಡ್ಡ ಮಗಳು ಸವಿತಾಳ ಮದುವೆಯ ದಿನವೇ ಚಿಕ್ಕವಳು ಲತಾಳಿಗೆ, ನಿನಗೂ ನಾನು ನೋಡಿದ ಹುಡುಗನೇ ಎಂದು ಹೇಳಿಬಿಡುತ್ತಾಳೆ.

“ಸರಿಯಾಗೇ ಹೇಳಿದಾಳೆ,” ಎಂದರು ಅತ್ತೆ. “ಒಂದು ಮದುವೇಲೇ ಇನ್ನೊಂದು ಗೊತ್ತಾಗಬೇಕು. ಆಮೇಲೆ ಅಷ್ಟು ಜನ ಎಲ್ಲಿ ಸಿಗ್ತಾರೆ?”

ಮೊದಲ ತಕರಾರು ಅಮ್ಮನದು. “ಇವರೆಲ್ಲ ಮನೇಲಿ ಇಂಗ್ಲಿಷ್ ಯಾಕೆ ಮಾತಾಡ್ತಿದಾರೆ?” ಇಂಡಿಯಾದ ಪತ್ರಿಕೆಗಳ ವಿಮರ್ಶಕರು ಕಾಲಂಗಟ್ಟಲೆ ಬರೆದದ್ದೂ ಇದನ್ನೇ. ಮಹಲಿನಲ್ಲಿ ಗಜಲ್ ಹಾಡುವಾಗ ಉರ್ದು, ಊಟಕ್ಕೆ ಕರೆಯುವಾಗ ಇಂಗ್ಲಿಷ್. ಅದೂ ಎಳೆದೆಳೆದು, ಪರೀಕ್ಷೆಗೆ ಬಾಯಿಪಾಠ ಮಾಡಿ ಒಪ್ಪಿಸುವ ಹಾಗೆ. ಮೂಲ ಪುಸ್ತಕವೇ ಇಂಗ್ಲಿಷಲ್ಲವೇ ಎಂದರೆ, “ಪುಸ್ತಕದಲ್ಲಿ ಕಿವಿಗೆ ಕೇಳಿಸಲ್ಲವಲ್ಲ” ಎಂದು ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದಳು. ಇದಕ್ಕಿಂತ ಚೆನ್ನಾಗಿ ಹೇಳಿದ ವಿಮರ್ಶೆಯನ್ನು ನಾನು ಓದಿಲ್ಲ.

ರೂಪಾ ಮೆಹ್ರಾಳ ಬಗ್ಗೆಯೂ ಅಮ್ಮನಿಗೆ ಸಮಾಧಾನವಿರಲಿಲ್ಲ. ಆ ನಟಿಗೆ ಅಷ್ಟು ದೊಡ್ಡ ಮಕ್ಕಳಿರುವ ವಯಸ್ಸೇ ಅಲ್ಲ ಎಂಬುದು ಒಂದು. ಮಾತೆತ್ತಿದರೆ ಕಣ್ಣೀರು ಹಾಕುತ್ತಾಳೆಂಬುದು ಇನ್ನೊಂದು. “ಗಂಡು ಹುಡುಕೋರಿಗೆ ಅಳೋಕೆಲ್ಲಿ ಪುರುಸೊತ್ತು?” ಅಮ್ಮನಿಗೆ ಹೀಗೆನ್ನಲು ಅಧಿಕಾರವಿತ್ತು. ಮೂರು ಹೆಣ್ಣುಮಕ್ಕಳಿಗೆ ಗಂಡು ಹುಡುಕಿದವಳು. ನೀಲಿ ರಟ್ಟಿನ ಆ ನೋಟುಪುಸ್ತಕ ಇವತ್ತಿಗೂ ಬೀರುವಿನಲ್ಲಿ ಇದೆ. ಪುಟಕ್ಕೊಬ್ಬ ಹುಡುಗ: ಗೋತ್ರ, ನಕ್ಷತ್ರ, ಪಾದ, ಓದು, ಉದ್ಯೋಗ, ಸಂಬಳ, ಯಾರ ಮೂಲಕ ಬಂದದ್ದು. ಕೊನೆಯಲ್ಲಿ ಪೆನ್ಸಿಲಿನಲ್ಲಿ ಅಮ್ಮನ ಷರಾ. “ಎತ್ತರ ಸಾಲದು.” “ತಾಯಿ ಬಾಯಿ ಜೋರು.” “ಜಾತಕ ಕೂಡಿತು, ಅವರೇ ಸುಮ್ಮನಾದರು.” “ಒಳ್ಳೆ ಮನೆ, ನಮ್ಮ ಕೈಲಾಗದು.” ನನ್ನ ಗಂಡನ ಪುಟದಲ್ಲಿ ಒಂದೇ ಪದ: “ಪರವಾಗಿಲ್ಲ.” ನಾನು ಇದನ್ನು ನೋಡಿದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ತೋರಿಸಿದಾಗ ಅವರು ಬಹಳ ಹೊತ್ತು ಆ ಪುಟ ನೋಡಿ, “ಪಕ್ಕದ ಪುಟದವನಿಗೆ ಏನು ಬರೆದಿದ್ದಾರೆ?” ಎಂದು ಕೇಳಿದರು.

ಲತಾಳಿಗೆ ಮೂವರು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವ, ಕ್ರಿಕೆಟ್ ಆಡುವ ಕಬೀರ್. ಕಲ್ಕತ್ತೆಯ ಶ್ರೀಮಂತ ಮನೆಯ, ಇಂಗ್ಲಿಷಿನಲ್ಲಿ ಕವಿತೆ ಬರೆಯುವ ಅಮಿತ್ ಚಟರ್ಜಿ. ಕಾನ್ಪುರದಲ್ಲಿ ಬೂಟು ತಯಾರಿಸುವ ಕಂಪನಿಯ ಹರೇಶ್ ಖನ್ನಾ.

ಅಮಿತನನ್ನು ಅತ್ತೆ ಅರ್ಧ ನಿಮಿಷದಲ್ಲಿ ವಿಲೇವಾರಿ ಮಾಡಿದರು. “ಕವಿ ಅಂದ್ರೆ ಮನೇಲೇ ಇರ್ತಾನೆ. ಹೊತ್ತುಹೊತ್ತಿಗೂ ಕಾಫಿ ಕೇಳ್ತಾನೆ. ಬೇಡ.”

ಕಬೀರನ ವಿಷಯ ಅಷ್ಟು ಸುಲಭವಿರಲಿಲ್ಲ. ಪುಸ್ತಕದಂಗಡಿಯಲ್ಲಿ ಸಿಕ್ಕವನು, ನೋಡಲು ಚೆಂದ, ಮಾತಿನಲ್ಲಿ ನಗು. ಅವನ ಮನೆತನದ ಹೆಸರು ದುರಾನಿ ಎಂದು ಗೊತ್ತಾಗುವ ಹೊತ್ತಿಗೆ ಲತಾಳ ಮನಸ್ಸು ಹೋಗಿಯಾಗಿತ್ತು, ನಮ್ಮ ಹುಡುಗಿಯದೂ ಹೋಗಿತ್ತು. ತಾಯಿ ಹೌಹಾರಿ ಮಗಳನ್ನು ಕಲ್ಕತ್ತೆಗೆ ಎಳೆದೊಯ್ದಾಗ ಇವಳು ಸೋಫಾದ ದಿಂಬನ್ನು ಗುದ್ದಿದಳು. ನಾನು ನಡುವೆ ಬಾಯಿ ಹಾಕಿ, 1951ರಲ್ಲಿ ಈಗಿನ ವಿಶೇಷ ವಿವಾಹ ಕಾಯ್ದೆ ಇರಲಿಲ್ಲ, ಅದು ಬಂದದ್ದು 1954ರಲ್ಲಿ, ಅಲ್ಲಿಯವರೆಗೆ ಹಿಂದೂ-ಮುಸ್ಲಿಂ ಜೋಡಿ ಕಾನೂನಿನ ಪ್ರಕಾರ ಮದುವೆಯಾಗಬೇಕೆಂದರೆ 1872ರ ಹಳೇ ಕಾಯ್ದೆಯಡಿ, ನಾವು ಯಾವ ಧರ್ಮದವರೂ ಅಲ್ಲ ಎಂದು ಬರೆದುಕೊಡಬೇಕಿತ್ತು ಎಂದು ವಿವರಿಸಿದೆ.

“ಅಷ್ಟೇ ತಾನೇ? ಬರೆದುಕೊಟ್ಟರಾಯ್ತು,” ಎಂದಳು ಮಗಳು.

“ಅದೆಲ್ಲ ಆಗೋ ಮಾತಲ್ಲ ಮರಿ,” ಎಂದರು ಅತ್ತೆ. ಸಿಟ್ಟಿನಿಂದಲ್ಲ, ನಾಳೆ ನೀರು ಬರಲ್ಲ ಎನ್ನುವ ದನಿಯಲ್ಲಿ.

“ಆವಾಗ ಆಗ್ತಿರಲಿಲ್ಲ, ಸರಿ. ಈವಾಗ?”

ಯಾರೂ ಉತ್ತರ ಕೊಡಲಿಲ್ಲ. ಸೌಂಡು ಸ್ವಲ್ಪ ಜಾಸ್ತಿ ಮಾಡು ಎಂದರು ಅತ್ತೆ. ಮುಂದಿನ ತಿಂಗಳು ಮಧ್ಯಪ್ರದೇಶದ ರೀವಾದಲ್ಲಿ ಪೊಲೀಸ್ ದೂರು ದಾಖಲಾಯಿತು, ದೇವಸ್ಥಾನದ ಆವರಣದಲ್ಲಿ ಕಬೀರ್ ಲತಾಳಿಗೆ ಮುತ್ತು ಕೊಟ್ಟನೆಂದು. ಆ ದೃಶ್ಯ ನೋಡುವಾಗ ಅತ್ತೆ ಆಕ್ಷೇಪವೆತ್ತಿದ್ದು ಬೇರೆಯದಕ್ಕೆ: “ಇಷ್ಟು ಹೊತ್ತಾಯ್ತು, ಈ ಹುಡುಗಿ ಮನೇಲಿ ಏನಂತ ಹೇಳಿ ಬಂದಿದಾಳೆ?”

ಉಳಿದವನು ಹರೇಶ. ಪಾನ್ ಅಗಿಯುತ್ತಾನೆ. ಇಂಗ್ಲಿಷ್ ಉಚ್ಚಾರ ಲತಾಳ ಅಣ್ಣ ಅರುಣನ ಮೂಗು ಮುರಿಸುವಂಥದ್ದು. ಕಾಲಿಗೆ ಎರಡು ಬಣ್ಣದ ಬೂಟು. ಇಂಗ್ಲೆಂಡಿನ ತಂಗಿ ಇವನ ಬಗ್ಗೆ ಮೊದಲೇ ಹೇಳಿದ್ದಳು, “ಹೋಗಿ ಹೋಗಿ ಇವನನ್ನ ಒಪ್ಪಿಕೊಳ್ತಾಳಲ್ಲ, ಹೊಟ್ಟೆ ಉರಿಯುತ್ತೆ.” ಕಾದಂಬರಿ ಓದಿದವರೂ ಮೂವತ್ತು ವರ್ಷದಿಂದ ಇದೇ ಜಗಳ ಆಡುತ್ತಾ ಬಂದಿದ್ದಾರೆ. ಕಬೀರನನ್ನು ಬಿಟ್ಟು ಇವನೇ ಯಾಕೆ?

ಮಗಳು ಬೂಟು ಕಂಡೊಡನೆ ಕಿಸಕ್ಕನೆ ನಕ್ಕಳು. ಅತ್ತೆ ನಗಲಿಲ್ಲ. “ನಿಲ್ಲಿಸು, ನಿಲ್ಲಿಸು” ಎಂದು ಚಿತ್ರವನ್ನು ಅಲ್ಲೇ ತಡೆಸಿ, ಕನ್ನಡಕ ಸರಿಮಾಡಿಕೊಂಡು, ಮುಂದೆ ಬಾಗಿ ಆ ಬೂಟನ್ನು ನೋಡಿದರು. ಒಡವೆ ನೋಡುವಾಗಲೂ ಅವರು ಅಷ್ಟು ಬಾಗಿದ್ದನ್ನು ನಾನು ಕಂಡಿಲ್ಲ.

“ನಾವು ಗಂಡುಗಳನ್ನ ನೋಡಿದ್ದೇ ಕಾಲಿನಿಂದ,” ಎಂದರು.

ತಿಂಡಿ ತಟ್ಟೆ ಹಿಡಿದು ಒಳಗಿನಿಂದ ಬರಬೇಕು, ತಲೆ ಎತ್ತಬಾರದು. ಎತ್ತಿದರೆ ಹುಡುಗಿ ಗಟ್ಟಿ ಎಂಬ ಹೆಸರು. ಹಾಗಾಗಿ ಚಾಪೆಯ ಅಂಚಿನಲ್ಲಿ ಸಾಲಾಗಿ ಇಟ್ಟ ಕಾಲುಗಳು ಮಾತ್ರ ಕಾಣುತ್ತಿದ್ದವು, ಯಾವುದು ಹುಡುಗನದು, ಯಾವುದು ಸೋದರಮಾವನದು ಎಂಬುದನ್ನೂ ಊಹಿಸಿಕೊಳ್ಳಬೇಕು. ಅದಕ್ಕೂ ಮೊದಲು ಬಾಗಿಲಾಚೆ ಬಿಟ್ಟ ಚಪ್ಪಲಿಗಳ ತನಿಖೆ. ಅದು ತಮ್ಮಂದಿರ ಕೆಲಸ. ನಮ್ಮಪ್ಪ ಆಗ ಹೈಸ್ಕೂಲಿನಲ್ಲಿದ್ದ ತಮ್ಮ. ಜಗಲಿಗೆ ಹೋಗಿ ನೋಡಿ ಬಂದು ಅಡುಗೆಮನೆಯಲ್ಲಿ ವರದಿ ಒಪ್ಪಿಸುತ್ತಿದ್ದನಂತೆ: ಹಿಮ್ಮಡಿ ಒಂದೇ ಕಡೆ ಸವೆದಿದೆ, ಉಂಗುಷ್ಠಕ್ಕೆ ಹೊಲಿಗೆ ಹಾಕಿಸಿದ್ದಾರೆ, ಅಟ್ಟೆ ಹೊಸದು. ಹೊಸ ಚಪ್ಪಲಿಯವನ ಮೇಲೆ ಮನೆಯವರಿಗೆ ಗುಮಾನಿ, ಸಾಲ ಮಾಡಿ ಕೊಂಡದ್ದಿರಬೇಕೆಂದು.

“ಮತ್ತೆ ಮಾವನನ್ನ?” ಮಗಳು ಕೇಳಿದಳು.

“ಉಗುರು ಚೆನ್ನಾಗಿ ಕತ್ತರಿಸಿದ್ರು. ಅಷ್ಟು ಸಾಕು ಅನ್ನಿಸ್ತು.”

“ಮುಖ ನೋಡಿದ್ದು ಯಾವಾಗ?”

“ಧಾರೆ ದಿನ, ಅಂತರಪಟ ಸರಿಸಿದಾಗ. ಆಗಲೂ ಸರಿಯಾಗಿ ನೋಡಲಿಲ್ಲ. ಜೀರಿಗೆ ಬೆಲ್ಲ ಎಲ್ಲಿ ಕಣ್ಣಿಗೆ ಬೀಳುತ್ತೋ ಅಂತ ಕಣ್ಣು ಮುಚ್ಚಿಕೊಂಡಿದ್ದೆ.” ಸ್ವಲ್ಪ ಹೊತ್ತು ಬಿಟ್ಟು, “ಅವರೂ ಮುಚ್ಚಿಕೊಂಡಿದ್ರಂತೆ. ಆಮೇಲೆ ಹೇಳಿದ್ರು” ಎಂದರು. ಮಾವ ಹೋಗಿ ಆಗಲೇ ಬಹಳ ವರ್ಷವಾಗಿತ್ತು. ನಿಂತ ಚಿತ್ರದಲ್ಲಿ ಹರೇಶನ ಬೂಟು ಹಾಗೇ ಇತ್ತು. ಮಗಳು ತಾನಾಗಿ ಮುಂದಕ್ಕೆ ಒತ್ತಲಿಲ್ಲ.

ಬೂಟು ಸರಿ, ಆದರೆ ಕಸುಬು? ಇಲ್ಲಿ ನಮ್ಮ ಮನೆಯವರ ಸಣ್ಣತನವನ್ನೂ ಹೇಳಬೇಕು. ಜಾತಿ ಒಂದೇ ಆದರೂ ಚರ್ಮದ ವ್ಯವಹಾರವಲ್ಲವೇ ಎಂದು ಅತ್ತೆ ರಾಗ ಎಳೆದರು. ಕಥೆಯೊಳಗಿನ ಅರುಣನಿಗೂ ಇದೇ ಕೊಂಕು. ಸೇಠ್ ಬಹಳ ಬುದ್ಧಿವಂತಿಕೆಯಿಂದ ಆ ಹುಡುಗನ ಕೈಗೆ ಅಂಥದ್ದೇ ಕಸುಬು ಕೊಟ್ಟಿದ್ದಾರೆ. ಮೇಲ್ಜಾತಿಯ ಗಂಡು, ಆದರೆ ಚರ್ಮ ಹದಮಾಡುವ ಕೇರಿಗೆ ಮೂಗು ಮುಚ್ಚಿಕೊಳ್ಳದೆ ಹೋಗಬಲ್ಲವನು, ಬೂಟು ಹೊಲಿಯುವುದನ್ನು ಕೈಯಾರೆ ಬಲ್ಲವನು. ಪ್ರೇಮವಿಲ್ಲದಿದ್ದರೂ ಅವನಲ್ಲಿ ಗೌರವಿಸಲು ಏನೋ ಇದೆ ಎಂದು ಲತಾಳಿಗೆ ಅನಿಸುವುದು ಅಲ್ಲೇ ಎಂದು ನನ್ನ ಎಣಿಕೆ. ಆರು ಕಂತಿನ ಓಟದಲ್ಲಿ ಇದಕ್ಕೆ ಸಾಕಷ್ಟು ಜಾಗ ಸಿಕ್ಕಿಲ್ಲ. ಟಬು ಮಾಡಿದ ಗಾಯಕಿ ಸಯೀದಾ ಬಾಯಿಯ ಮಹಲಿಗೆ, ಅವಳ ಮೋಹದಲ್ಲಿ ಬಿದ್ದ ಮಾನ್ ಎಂಬವನಿಗೆ ಹೋದ ಹೊತ್ತು ಪಾಪ ಹರೇಶನ ಲೆಕ್ಕದಿಂದ ಕಳೆದದ್ದು. ಹಾಗೆಂದು ಟಬು ಬಂದಾಗ ನಮ್ಮಲ್ಲಿ ಯಾರೂ ಎದ್ದು ಅಡುಗೆಮನೆಗೆ ಹೋಗಲಿಲ್ಲ, ಅದೂ ನಿಜ.

ಕೊನೆಗೆ ಲತಾ ಹರೇಶನನ್ನೇ ಒಪ್ಪಿದಳು. ಮಗಳು ಎದ್ದು ಹೋಗುವವಳಿದ್ದಳು. ಆಗ ನಾನು ಇಟ್ಟುಕೊಂಡಿದ್ದ ಸುದ್ದಿ ಬಿಚ್ಚಿದೆ. ಲತಾ ಪೂರಾ ಕಟ್ಟುಕಥೆಯಲ್ಲ. ವಿಕ್ರಮ್ ಸೇಠ್ ಅವರ ತಾಯಿ ಲೀಲಾ ಸೇಠ್ ಅವರ ಛಾಯೆ ಅವಳಲ್ಲಿದೆ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗಿ, ಮದುವೆಯಾದದ್ದು ಬಾಟಾ ಕಂಪನಿಯಲ್ಲಿದ್ದ ಪ್ರೇಮ್ ಸೇಠ್ ಅವರನ್ನು. ಕಂಪನಿ ಗಂಡನನ್ನು ಲಂಡನ್ನಿಗೆ ಕಳಿಸಿತು. ಮಕ್ಕಳನ್ನು ಸುಧಾರಿಸುತ್ತಲೇ ಈಕೆ ಕಾನೂನು ಓದಿ 1958ರಲ್ಲಿ ಲಂಡನ್ ಬಾರ್ ಪರೀಕ್ಷೆಗೆ ಮೊದಲಿಗರಾದರು. 1991ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, ದೇಶದ ಹೈಕೋರ್ಟೊಂದಕ್ಕೆ ಆ ಹುದ್ದೆಯಲ್ಲಿ ಬಂದ ಮೊದಲ ಮಹಿಳೆ.

ಅತ್ತೆಯ ಮುಖ ಅರಳಿತು. “ನೋಡಿದ್ರಾ? ಬೂಟಿನ ಹುಡುಗ ಓದಿಸಿದ! ಕವಿ ಆಗಿದ್ರೆ ಓದಿಸ್ತಿದ್ನಾ?” ಚರ್ಮದ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ.

“ಮಗ ಬರೆದ ಕಥೇಲಿ ಅಪ್ಪ ಗೆಲ್ಲದೆ ಇನ್ಯಾರು ಗೆಲ್ತಾರೆ?” ಎಂದಳು ಮಗಳು. “ಇದು ಮ್ಯಾಚ್ ಫಿಕ್ಸಿಂಗ್.”

ಅಮ್ಮ ಅಲ್ಲಿಯವರೆಗೂ ಸುಮ್ಮನಿದ್ದಳು. ಮೂವರು ಹುಡುಗರಲ್ಲಿ ಯಾರ ಪಕ್ಷವನ್ನೂ ವಹಿಸದೆ ಆರೂ ಕಂತು ನೋಡಿದವಳು ಅವಳೊಬ್ಬಳೇ. ಈಗ ಕೇಳಿದಳು: “ಹಾಗಾದ್ರೆ ಆ ಕಬೀರ್? ಅವನ ಮಗ ಏನಾದ್ರೂ ಬರೆದಿದಾನಾ?”

ನನಗೆ ನಗು ಬಂತು. ಅವಳ ಮುಖ ನೋಡಿ ನಿಂತಿತು. ಯಾರ ವಿಷಯಕ್ಕೆ ಕೇಳಿದಳೆಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ. ನೀಲಿ ರಟ್ಟಿನ ಪುಸ್ತಕವನ್ನು ಬರೆದವಳು ಅವಳು, ಅವಳ ಹೆಸರಿದ್ದ ಪುಸ್ತಕ ಯಾರ ಮನೆಯಲ್ಲಿತ್ತೋ, ಅದರಲ್ಲಿ ಯಾರು ಏನು ಷರಾ ಬರೆದಿದ್ದರೋ.

ವಿಕ್ರಮ್ ಸೇಠ್ ಇದರ ಮುಂದಿನ ಭಾಗ ಬರೆಯುವುದಾಗಿ 2009ರಲ್ಲೇ ಹೇಳಿದ್ದರು. ಹೆಸರು ‘ಎ ಸೂಟಬಲ್ ಗರ್ಲ್’. ಲತಾ ಈಗ ಅಜ್ಜಿ, ಮೊಮ್ಮಗನಿಗೆ ಹೆಣ್ಣು ಹುಡುಕುತ್ತಾಳಂತೆ. ಅದು ಇನ್ನೂ ಬಂದಿಲ್ಲ. ಸೇಠ್ ಅವರೇ, ನಿಮ್ಮ ಪುಸ್ತಕಗಳು ಅವಸರಕ್ಕೆ ಆಗುವಂಥವಲ್ಲ ಎಂದು ಗೊತ್ತು. ಆದರೂ ಆದಷ್ಟು ಬೇಗ ಮುಗಿಸಿಕೊಡಿ; ನಮ್ಮ ಮನೆಯ ಇಬ್ಬರು ಪ್ರೇಕ್ಷಕರಿಗೂ ಎಂಬತ್ತು ದಾಟಿದೆ. ಸಾಧ್ಯವಾದರೆ ಅದರಲ್ಲಿ ಕಬೀರನ ಕ್ಷೇಮಸಮಾಚಾರವನ್ನೂ ಒಂದೆರಡು ಸಾಲು ಬರೆಯಿರಿ, ಅಮ್ಮ ಕೇಳುತ್ತಿದ್ದಾಳೆ.