ಲಂಡನ್ನಿನ ಸಂತೆಯಲ್ಲಿ ಒಂದು ಮಳೆಯ ರವಿವಾರ

ಜತ್ತ ತಾಲೂಕಿನ ಕುಣಿಕೋಣೂರ ನಮ್ಮ ಊರು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದ್ದರೂ ಮನೆಮಾತು ಕನ್ನಡ; ಬರಗಾಲಕ್ಕೆ ಹೆಸರಾದ ಸೀಮೆ. ತಂದೆಯವರದು ಅಲ್ಲಿ ಬಟ್ಟೆಯ ವ್ಯಾಪಾರ. ಸುತ್ತಲಿನ ಹಳ್ಳಿಗಳ ವಾರದ ಸಂತೆಗೂ ಗಂಟು ಕಟ್ಟಿಕೊಂಡು ಹೋಗುತ್ತಾರೆ. ನಾನು ಲೆಕ್ಕಪತ್ರದ ನೌಕರಿ ಹಿಡಿದು ಲಂಡನ್ನಿಗೆ ಬಂದು ಏಳು ವರ್ಷಗಳಾದವು.

ಹೋದ ವರ್ಷ ಊರಿಗೆ ಹೋದಾಗ ಉದ್ರಿಯ ಪುಸ್ತಕ ನೋಡಿ ಸಿಟ್ಟು ಬಂದು, "ವಸೂಲಾಗದ ವ್ಯಾಪಾರ ಯಾಕ ಬೇಕ್ರಿ? ಅಂಗಡಿ ಮುಚ್ಚಿ ನಮ್ಮ ಕಡೆ ಬಂದುಬಿಡ್ರಿ" ಎಂದುಬಿಟ್ಟಿದ್ದೆ. ತಂದೆಯವರು ಮರುಮಾತಾಡಲಿಲ್ಲ. ಅಂದಿನಿಂದ ರವಿವಾರದ ಫೋನಿನಲ್ಲಿ ಅವರು ಕೇಳುವುದು ಒಂದೇ ಮಾತು: "ತಮ್ಮಾ, ಅಲ್ಲಿ ಮಳಿ ಐತೇನು?"

ನಿಜ ಹೇಳಬೇಕೆಂದರೆ ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಅಷ್ಟೇ. ಮುಂಬಯಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಇದಕ್ಕಿಂತ ಹೆಚ್ಚು ಸುರಿಯುತ್ತದೆ. ಆದರೆ ಇಲ್ಲಿ ಅದು ಹನ್ನೆರಡು ತಿಂಗಳಿಗೂ ಹಂಚಿಕೊಂಡು ಜಿನುಗುತ್ತದೆ.

ದಶಲಕ್ಷಣ ಪರ್ವ ಮುಗಿದ ಮೇಲಿನ ರವಿವಾರವೂ ಹಾಗೆಯೇ ಜಿನುಗುತ್ತಿತ್ತು. ಒಂಬತ್ತು ವರ್ಷದ ಮಗಳು ಅಜ್ಜನ ಸಂತೆಯ ಸುದ್ದಿ ಕೇಳಿ ಕೇಳಿ, ತಾನೂ ಸಂತೆ ನೋಡಬೇಕೆಂದು ಹಟ ಹಿಡಿದಿದ್ದಳು. ಛತ್ರಿ ಹಿಡಿದು ಇಬ್ಬರೂ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಶನ್ನಿನಲ್ಲಿ ಇಳಿದೆವು. ಅಲ್ಲಿಂದ ಐದು ನಿಮಿಷ ನಡೆದರೆ ಪೆಟ್ಟಿಕೋಟ್ ಲೇನ್, ಅಂದರೆ ಲಂಗದ ಓಣಿ. ಸುಮಾರು 1830ರಲ್ಲಿ ಈ ಬೀದಿಗೆ ಮಿಡ್ಲ್‌ಸೆಕ್ಸ್ ಸ್ಟ್ರೀಟ್ ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಓಣಿಯ ಈ ತುದಿಯಲ್ಲಿ ಕದ್ದ ಲಂಗವನ್ನು ಆ ತುದಿಯಲ್ಲಿ ಅದರ ಒಡತಿಗೇ ಮಾರುತ್ತಿದ್ದರೆಂದು ಹಾಸ್ಯಕ್ಕೆ ಹೇಳುತ್ತಾರೆ. ಇಲ್ಲಿ ಬಹುಕಾಲ ವ್ಯಾಪಾರ ಮಾಡಿದವರು ಯಹೂದಿಗಳು. ಶನಿವಾರ ಅವರಿಗೆ ಧರ್ಮದ ವಿಶ್ರಾಂತಿ. ಹಾಗಾಗಿ ರವಿವಾರವೇ ಸಂತೆಯ ದಿನವಾಯಿತು. 1936ರಲ್ಲಿ ಪಾರ್ಲಿಮೆಂಟಿನ ಕಾನೂನು ಈ ಸಂತೆಗೆ ರಕ್ಷಣೆ ಕೊಟ್ಟಿತು.

ಅಂದು ಅರ್ಧದಷ್ಟು ಜಾಗ ಖಾಲಿ. ಇದ್ದವರು ತಾಡಪತ್ರಿಯ ಕೆಳಗೆ ಅಂಗಿ, ಕೋಟು, ಸ್ವೆಟರುಗಳನ್ನು ನೀರಿನಿಂದ ಉಳಿಸಿಕೊಳ್ಳುವುದರಲ್ಲಿ ಮಗ್ನರು. ವಯಸ್ಸಾದ ವ್ಯಾಪಾರಿಯೊಬ್ಬರ ಹತ್ತಿರ ಮಗಳಿಗೆ ಸ್ವೆಟರು ಕೊಂಡೆ. ಮಧ್ಯಾಹ್ನವಾಗುತ್ತ ಬಂದಿತ್ತು, ಆದರೂ ಅದೇ ಅವರ ಬೋಣಿಗೆ! "ಇಂಥ ಮಳೆಯಲ್ಲಿ ಯಾಕೆ ಬಂದಿರಿ?" ಎಂದೆ. ಅವರು ನಕ್ಕು, "ಒಂದು ವಾರ ಬರದಿದ್ದರೆ ಗಿರಾಕಿ ಅಜ್ಜ ಸತ್ತನೆಂದು ತಿಳಿಯುತ್ತಾರೆ. ನನ್ನ ತಂದೆಯೂ ಇದೇ ಜಾಗದಲ್ಲಿ ನಿಂತವರು. ಮಗ ಬರುವುದಿಲ್ಲ, ಅವನಿಗೆ ಆಫೀಸಿದೆ" ಎಂದರು. ಆ ಮಾತು ನನ್ನನ್ನೇ ಕುರಿತು ಹೇಳಿದಂತಾಯಿತು.

ಅಲ್ಲಿಂದ ಬ್ರಿಕ್ ಲೇನಿಗೆ ಹೋದೆವು. ಹಿಂದೆ ಇಲ್ಲಿ ಇಟ್ಟಿಗೆ ಸುಡುತ್ತಿದ್ದುದರಿಂದ ಈ ಹೆಸರು. ಈಗ ಬೀದಿಯ ಫಲಕಗಳಲ್ಲಿ ಬಂಗಾಳಿ ಅಕ್ಷರಗಳಿವೆ. ತಿನಿಸಿನ ಗಾಡಿಗಳ ಸಾಲಿನಲ್ಲಿ ಈರುಳ್ಳಿ, ಆಲೂಗಡ್ಡೆ, ಮೊಟ್ಟೆ ಇಲ್ಲದ ಪದಾರ್ಥ ಹುಡುಕುವುದೇ ಒಂದು ವ್ರತ. ಮನೆಯಿಂದ ತಂದ ಚಪಾತಿಯೇ ಗತಿಯಾಯಿತು.

ಫೂರ್ನಿಯೆ ಸ್ಟ್ರೀಟಿನ ಮೂಲೆಯಲ್ಲಿ ನಿಂತು ಚಪಾತಿ ತಿಂದೆವು. ಎದುರಿಗೆ ಇಟ್ಟಿಗೆಯ ದೊಡ್ಡ ಕಟ್ಟಡ. ಧರ್ಮದ ಕಾರಣದಿಂದ ಫ್ರಾನ್ಸ್ ಬಿಟ್ಟು ಓಡಿಬಂದು ಇಲ್ಲಿ ರೇಷ್ಮೆ ನೇಯ್ದ ಹ್ಯೂಗೆನೊ ಕ್ರೈಸ್ತರು 1743ರಲ್ಲಿ ಇದನ್ನು ಪ್ರಾರ್ಥನೆಗೆಂದು ಕಟ್ಟಿದರು. 1819ರಲ್ಲಿ ಅದು ಮೆಥಡಿಸ್ಟರ ಚರ್ಚ್ ಆಯಿತು. 1898ರಲ್ಲಿ ಯಹೂದಿಗಳ ಸಿನಗಾಗ್. 1976ರಿಂದ ಬಂಗಾಳಿ ಮುಸ್ಲಿಮರ ಮಸೀದಿ. ಗೋಡೆಯ ಮೇಲೆ 1743ರ ನೆರಳು ಗಡಿಯಾರವೊಂದಿದೆ. ನಾವು ಬರಿಯ ನೆರಳು ಎಂಬರ್ಥದ ಲ್ಯಾಟಿನ್ ಮಾತು ಅದರ ಮೇಲಿದೆ. ಅಂದು ಬಿಸಿಲಿಲ್ಲ, ಆದ್ದರಿಂದ ನೆರಳೂ ಇಲ್ಲ. ನಮ್ಮ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯವಲ್ಲವೇ! ಬಂದವರೆಲ್ಲ ದುಡಿದರು, ಮಕ್ಕಳನ್ನು ಓದಿಸಿದರು, ಮಕ್ಕಳು ಬೇರೆಡೆಗೆ ಹೋದರು. ಆದರೆ ಹೋಗುವವರೆಗೆ ತಮ್ಮ ಅಂಗಡಿಯನ್ನು ಬೇಡದ ವಸ್ತುವೆಂದು ಯಾರೂ ತಿಳಿದಿರಲಿಲ್ಲ.

"ಅಜ್ಜನ ಸಂತಿನೂ ಮಳ್ಯಾಗ ಹಿಂಗ ಇರತೈತೇನಪ್ಪಾ?" ಎಂದಳು ಮಗಳು. ಪರ್ವದ ಕೊನೆಗೆ ಕ್ಷಮಾವಾಣಿಯ ಸಂದೇಶವನ್ನು ಬಂಧುಬಳಗಕ್ಕೆಲ್ಲ ಕಳಿಸಿದ್ದೆ. ತಂದೆಯವರಿಗೂ ಅದನ್ನೇ ಕಳಿಸಿದ್ದೆ. ಬಾಯಿಬಿಟ್ಟು ಕೇಳಿರಲಿಲ್ಲ. ಅಲ್ಲಿಯೇ ನಿಂತು ಫೋನು ಹಚ್ಚಿದೆ. ನಮ್ಮಲ್ಲಿ ಮಧ್ಯಾಹ್ನ ಎರಡು. ಊರಲ್ಲಿ ಸಂಜೆ ಆರೂವರೆ.

"ಅಪ್ಪಾ, ಅಂಗಡಿ ಮುಚ್ಚರಿ ಅಂತ ಸಿಟ್ಟಿಲೆ ಅಂದಿದ್ದೆ. ಕ್ಷಮಾ ಮಾಡ್ರಿ."

ಸ್ವಲ್ಪ ಹೊತ್ತು ಸುಮ್ಮನಿದ್ದು ತಂದೆಯವರು ಹೇಳಿದರು: "ಮುಂಜಾನಿಂದ ಉತ್ತರಿ ಮಳಿ ಹಿಡದೈತಿ ತಮ್ಮಾ. ಇವತ್ತ ಸಂತ್ಯಾಗ ಒಂದ ರೂಪಾಯಿ ವ್ಯಾಪಾರ ಆಗಲಿಲ್ಲ. ಆದ್ರ ಹಿಂಗಾರಿ ಜ್ವಾಳಕ್ಕ ಹದ ಆಗತೈತಿ. ಸುಗ್ಗಿ ಆತಂದ್ರ ಉದ್ರಿ ತಾನ ಬರತೈತಿ. ನೀ ಏನೂ ಮನಸಿಗೆ ಹಚ್ಚಕೋಬ್ಯಾಡ."

ಇಷ್ಟು ವರ್ಷ ಉದ್ರಿಯ ಪುಸ್ತಕದಲ್ಲಿ ನಾನು ಬರಿಯ ಬಾಕಿಯನ್ನೇ ಕಂಡಿದ್ದೆ. ಊರಿನ ಮಳೆಬೆಳೆಯೂ ಅದರಲ್ಲಿಯೇ ಬರೆದಿದೆಯೆಂಬುದು ತಿಳಿದಿರಲಿಲ್ಲ.

ಅಂಗಡಿ ಮುಂದೆ ಯಾರು ನಡೆಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ದೀಪಾವಳಿಗೆ ಊರಿಗೆ ಹೋದಾಗ, ಮಹಾವೀರ ನಿರ್ವಾಣದ ಪೂಜೆ, ಕೀರ್ದಿ ಪುಸ್ತಕದ ಪೂಜೆ ಮುಗಿಸಿ ಕುಳಿತು ಮಾತಾಡೋಣವೆಂದಿದ್ದಾರೆ. ಮಗಳು ಅಜ್ಜನ ಜೊತೆ ಸಂತೆಗೆ ಹೋಗುವುದಂತೂ ನಿಶ್ಚಯವಾಗಿದೆ.